ರಿಪೇರಿಯ ಪುಸ್ತಕವೂ ಒಂದು ಬಿಡಿಭಾಗ

ನನ್ನ ಕಪಾಟಿನ ಪುಸ್ತಕಗಳಲ್ಲೆಲ್ಲ ಅತ್ಯಂತ ಮಲಿನವಾದುದು ಯಾವುದೆಂದು ಯಾರಾದರೂ ವಿಚಾರಿಸಿದರೆ, ರಟ್ಟು ಕಳಚಿ, ಬೆನ್ನಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಸಿಕೊಂಡು, ಪುಟಪುಟಕ್ಕೂ ಗ್ರೀಸಿನ ಹೆಬ್ಬೆಟ್ಟನ್ನು ಒತ್ತಿಸಿಕೊಂಡು, ಸೀಮೆಎಣ್ಣೆಯ ವಾಸನೆಯನ್ನು ಬೀರುತ್ತ ಕೆಳಗಣ ಅರೆಯಲ್ಲಿ ಮಲಗಿರುವ ನನ್ನ ಪ್ರೀಮಿಯರ್ ಪದ್ಮಿನಿ ಕಾರಿನ ರಿಪೇರಿ ಕೈಪಿಡಿಯನ್ನೇ ನಾನು ನಿಸ್ಸಂಕೋಚವಾಗಿ ತೋರಿಸುತ್ತೇನೆ. ಅದನ್ನು ನಾನು ಪುಸ್ತಕದಂಗಡಿಯಲ್ಲಿ ಕೊಂಡವನಲ್ಲ. ಮೈಸೂರಿನ ಲಷ್ಕರ್ ಮೊಹಲ್ಲಾದ ಒಂದು ಗುಜರಿ ಅಂಗಡಿಯಲ್ಲಿ, ಹಿತ್ತಾಳೆಯ ನಲ್ಲಿಗಳೂ ಒಡೆದ ಹೆಡ್‌ಲೈಟುಗಳೂ ತುಂಬಿದ್ದ ತಗಡಿನ ಡಬ್ಬವೊಂದರ ತಳದಲ್ಲಿ ಅದು ದೊರೆಯಿತು. ಅಂಗಡಿಯಾತನು ಅದನ್ನು ಹಳೆಯ ಪೇಪರಿನೊಂದಿಗೆ ತಕ್ಕಡಿಗೆ ಹಾಕಿ ತೂಕದ ಲೆಕ್ಕದಲ್ಲಿ ಕೊಟ್ಟನು. ನಾನು ತೆತ್ತ ಹಣ ಒಂದು ಮಸಾಲೆದೋಸೆಯ ಬೆಲೆಗೂ ಕಡಿಮೆ. ಆ ಪುಸ್ತಕವು ನನ್ನ ಕಾರಿಗಿಂತಲೂ ದುರ್ಲಭವಾದ ವಸ್ತುವೆಂಬುದು ನನಗೆ ತಿಳಿದುಬಂದದ್ದು ಆಮೇಲೆ. ಆ ಕಾರಿನ ಕಾರ್ಬೊರೇಟರು, ಡೆಲ್ಕೋ, ಕ್ಲಚ್ ಪ್ಲೇಟುಗಳನ್ನು ಎಲ್ಲಿಂದಲಾದರೂ ಹುಡುಕಿಸಿ ತರಿಸಿಕೊಡುವವರು ಅಶೋಕ ರಸ್ತೆಯ ಆಸುಪಾಸಿನಲ್ಲಿ ಇನ್ನೂ ಇದ್ದಾರೆ; ಆದರೆ ಅವುಗಳನ್ನು ಯಾವ ಕ್ರಮದಲ್ಲಿ ಬಿಚ್ಚಬೇಕು, ಎಷ್ಟು ಅಂತರವಿಟ್ಟು ಕೂಡಿಸಬೇಕು ಎಂಬುದನ್ನು ತಿಳಿಸುವ ಪುಸ್ತಕ ಇದೆಯೇ ಎಂದು ಕೇಳಿದಾಗ ಅದೇ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, “ಬುಕ್ಕಾ ಸಾರ್? ಬುಕ್ಕು ಯಾರಿಗೆ ಬೇಕು?” ಎಂದರು.

ಲಷ್ಕರ್ ಎಂದರೆ ದಂಡು. ದಂಡು ಡೇರೆ ಕಿತ್ತು ಹೋಗಿ ಎಷ್ಟೋ ಕಾಲವಾದರೂ ಹೆಸರು ನಿಂತಿದೆ. ಈಗ ಅಲ್ಲಿ ಬೀಡುಬಿಟ್ಟಿರುವುದು ಬೇರಿಂಗು, ಬುಷ್ಷು, ಗ್ಯಾಸ್ಕೆಟ್ಟು, ಆಯಿಲ್ ಸೀಲುಗಳ ಸೈನ್ಯ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಜೋಡಿಶಿಖರಗಳು ದೂರದಿಂದಲೇ ಈ ಮೊಹಲ್ಲಾವನ್ನು ಗುರುತಿಸಿಕೊಡುತ್ತವೆ. ಆ ಶಿಖರಗಳ ಗಂಟೆಯೂ ಮಸೀದಿಯ ಆಜಾನೂ ಟಿಂಕರನ ಸುತ್ತಿಗೆಯ ಪೆಟ್ಟೂ ಒಂದೇ ಗಾಳಿಯಲ್ಲಿ ಬೆರೆತು ಬರುವ ಸಂಜೆಗಳಲ್ಲಿ, ಗಲ್ಲಿಯೊಂದರ ತಗಡಿನ ಚಾವಣಿಯ ಕೆಳಗೆ ಬಾನೆಟ್ಟು ತೆರೆದು ನಿಂತ ಮುದಿಕಾರಿನ ಸುತ್ತ ಮೂವರು ನಾಲ್ವರು ತಲೆ ಬಗ್ಗಿಸಿ ನಿಂತಿರುವ ನೋಟವನ್ನು ನೋಡಿದರೆ, ವೈದ್ಯರ ಸಮಾಲೋಚನೆಯೊಂದು ನಡೆಯುತ್ತಿರುವಂತೆ ತೋರುತ್ತದೆ. ಆ ಸಮಾಲೋಚನೆಯಲ್ಲಿ ಪುಸ್ತಕಕ್ಕೆ ಸ್ಥಾನವಿಲ್ಲ. ಅದಕ್ಕೆ ಸ್ಥಾನವಿರಬೇಕೆಂಬುದೂ, ಕಾರಿನ ಬೆಲೆಯನ್ನು ಪೂರ್ತಿಯಾಗಿ ಎಣಿಸಿಕೊಂಡ ತಯಾರಕನು ಆ ಮಾದರಿಯ ತಯಾರಿಕೆಯನ್ನು ನಿಲ್ಲಿಸಿದ ದಿನ ಅದರ ರಿಪೇರಿಯ ಪುಸ್ತಕವನ್ನು ಸಾರ್ವಜನಿಕರ ಕೈಗೆ, ಅದರಲ್ಲಿಯೂ ಅವರು ಓದಬಲ್ಲ ಭಾಷೆಯಲ್ಲಿ, ಒಪ್ಪಿಸಿಹೋಗುವಂತೆ ಕಾನೂನು ಇರಬೇಕೆಂಬುದೂ ನನ್ನ ವಾದ.

ಇದಕ್ಕೆ ಬರುವ ಮೊದಲನೆಯ ಆಕ್ಷೇಪ ಯಾವುದೆಂದು ನನಗೆ ಗೊತ್ತು. ಅದು ನನ್ನ ಮನೆಯಲ್ಲಿಯೇ ಪ್ರತಿ ಭಾನುವಾರ ಕೇಳಿಬರುತ್ತದೆ. ಹತ್ತು ಹೆಜ್ಜೆಗೊಂದು ಗ್ಯಾರೇಜಿರುವ ಊರಿನಲ್ಲಿ, ಕೈಕೆಲಸಕ್ಕೆ ಕೊಡಬೇಕಾದ ಕೂಲಿ ಇನ್ನೂ ಮಿತವಾಗಿಯೇ ಇರುವ ದೇಶದಲ್ಲಿ, ಅಂಗಿಯನ್ನು ಹಾಳುಮಾಡಿಕೊಂಡು, ಕೈಬೆರಳಿನ ಗಿಣ್ಣುಗಳ ಚರ್ಮವನ್ನು ಕಿತ್ತುಕೊಂಡು, ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನವನ್ನು ವ್ಯಯಮಾಡುವ ಮನುಷ್ಯನನ್ನು ಬುದ್ಧಿವಂತನೆಂದು ಕರೆಯುವುದು ಕಷ್ಟ. ಈ ಆಕ್ಷೇಪದಲ್ಲಿ ಸತ್ಯವಿದೆ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಗೃಹಸ್ಥರು ತಾವೇ ಕಾರಿನ ಕೆಳಗೆ ನುಸುಳಲು ಕಲಿತದ್ದಕ್ಕೆ ಅಲ್ಲಿಯ ಕೂಲಿಯ ಏರುದರವೇ ಮುಖ್ಯ ಕಾರಣ. ಆ ಕಾರಣ ನಮಗೆ ಅನ್ವಯಿಸುವುದಿಲ್ಲ. ನಾನು ಹಣವನ್ನು ಉಳಿಸಿದೆನೆಂದು ಹೇಳಿದರೆ ಅದು ಸುಳ್ಳಾದೀತು. ಸ್ವಂತ ರಿಪೇರಿಗಾಗಿ ನಾನು ಕೊಂಡ ಪಾನಾಗಳ ಸೆಟ್ಟಿನ ಬೆಲೆಯಲ್ಲಿ ಎರಡು ಸಲ ಟ್ಯೂನಿಂಗ್ ಮಾಡಿಸಬಹುದಾಗಿತ್ತು. ಆದರೆ ಪುಸ್ತಕವು ನನಗೆ ಕೊಟ್ಟದ್ದು ಬೇರೊಂದನ್ನು. ಅದೇನೆಂಬುದನ್ನು ತಿಳಿಸಬೇಕಾದರೆ ನನ್ನ ಅಪಮಾನದ ಪ್ರಸಂಗವೊಂದನ್ನು ಹೇಳಿಯೇ ತೀರಬೇಕು.

ಒಂದು ಮಳೆಗಾಲದ ನಂತರ ಎಂಜಿನ್ನು ‘ಮಿಸ್ಸಿಂಗ್’ ಹೊಡೆಯಲಾರಂಭಿಸಿತು. ಪದ್ಮಿನಿಯದು 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು. ಅದರ ಸ್ವಭಾವ ಸರಳ. ಪೆಟ್ರೋಲು ಬರಬೇಕು, ಗಾಳಿ ಬರಬೇಕು, ಸರಿಯಾದ ಕ್ಷಣದಲ್ಲಿ ಕಿಡಿ ಹಾರಬೇಕು; ಈ ಮೂರು ನಡೆದರೆ ಅದು ಓಡುತ್ತದೆ. ಕಿಡಿಯನ್ನು ಸಮಯಕ್ಕೆ ಸರಿಯಾಗಿ ಹಂಚುವ ಅಧಿಕಾರಿಯೇ ಡೆಲ್ಕೋ. ಅದರೊಳಗೆ, ಉಗುರಿನಷ್ಟಗಲದ ಎರಡು ಲೋಹದ ಮೊನೆಗಳು, ಪಾಯಿಂಟುಗಳೆಂದು ಗ್ಯಾರೇಜಿನವರು ಕರೆಯುವಂಥವು, ಒಂದನ್ನೊಂದು ಮುಟ್ಟಿ ಅಗಲುತ್ತಿರುತ್ತವೆ. ಅಗಲಿದ ಆ ಕ್ಷಣದಲ್ಲಿ ಕಾಯಿಲಿನಲ್ಲಿ ಸಂಚಿತವಾದ ಶಕ್ತಿಯು ಪ್ಲಗ್ಗಿನ ತುದಿಗೆ ಹಾರುತ್ತದೆ. ಅವುಗಳ ನಡುವಣ ಅಂತರ ಒಂದು ಮಿಲಿಮೀಟರಿನ ಅರ್ಧಕ್ಕೂ ತುಸು ಕಡಿಮೆ ಇರತಕ್ಕದ್ದು. ಅಂತರ ಹೆಚ್ಚಾದರೆ ಕಾಯಿಲು ತುಂಬಿಕೊಳ್ಳಲು ಸಮಯ ಸಾಲದೆ ವೇಗದಲ್ಲಿ ಕಿಡಿ ತಪ್ಪುತ್ತದೆ. ಕಡಿಮೆಯಾದರೆ ಮೊನೆಗಳು ಸುಟ್ಟು ಕಪ್ಪಾಗುತ್ತವೆ. ಪುಸ್ತಕವು ಇದನ್ನೆಲ್ಲ ಚಿತ್ರಸಹಿತವಾಗಿ ವಿವರಿಸಿತ್ತು. ನಾನು ಮುಚ್ಚಳವನ್ನು ತೆಗೆದೆ, ನಾಲ್ಕು ಪ್ಲಗ್ಗಿನ ತಂತಿಗಳನ್ನೂ ಕಿತ್ತೆ, ಪಾಯಿಂಟುಗಳನ್ನು ಉಜ್ಜಿದೆ, ಫೀಲರ್ ಗೇಜಿನ ತೆಳುಪಟ್ಟಿಯನ್ನು ನಡುವೆ ತೂರಿಸಿ ಅಂತರವನ್ನು ಇಟ್ಟೆ, ಮುಚ್ಚಿದೆ. ಕಿಡಿಯ ಕ್ರಮ ಒಂದು, ಮೂರು, ನಾಲ್ಕು, ಎರಡು ಎಂದು ಪುಸ್ತಕದಲ್ಲಿತ್ತು. ಆ ಕ್ರಮದಲ್ಲಿಯೇ ತಂತಿಗಳನ್ನು ಸಿಕ್ಕಿಸಿ, ವಿಜಯಿಯಂತೆ ಕುಳಿತು ಕೀಲಿ ತಿರುಗಿಸಿದೆ.

ಕಾರು ಕೆಮ್ಮಿತು, ನಡುಗಿತು, ಸೈಲೆನ್ಸರಿನಿಂದ ಒಂದು ಗರ್ನಾಲಿನ ಶಬ್ದವನ್ನು ಹೊರಡಿಸಿತು. ಎದುರು ಮನೆಯ ಪಾರಿವಾಳಗಳು ಹಾರಿಹೋದುವು.

ಎರಡು ಗಂಟೆಗಳ ಕಾಲ ನಾನೊಬ್ಬನೇ ಹೆಣಗಿದ ಮೇಲೆ, ನಾಚಿಕೆಯನ್ನು ಬದಿಗಿಟ್ಟು ಗಲ್ಲಿಯ ಕೊನೆಯ ಗ್ಯಾರೇಜಿನ ಉಸ್ತಾದರನ್ನು ಕರೆತಂದೆ. ಉಸ್ತಾದರು ಪ್ಯಾಂಟಿನ ಮೇಲೆ ನೀಲಿ ಅಂಗಿ ತೊಟ್ಟ, ಅರುವತ್ತರ ಮೇಲಿನ ವಯಸ್ಸಿನ ಕೃಶಕಾಯರು. ಚಿಕ್ಕಂದಿನಲ್ಲಿ ಪಾನಾ ಎತ್ತಿಕೊಡುವ ಹುಡುಗನಾಗಿ ಸೇರಿ, ಬೈಗುಳವನ್ನೂ ಚಹಾವನ್ನೂ ಸಮಪ್ರಮಾಣದಲ್ಲಿ ಕುಡಿದು ವಿದ್ಯೆ ಕಲಿತವರು. ಅವರು ಬಾನೆಟ್ಟಿನ ಕಡೆಗೆ ನೋಡಲೂ ಇಲ್ಲ. ಒಮ್ಮೆ ಸೆಲ್ಫ್ ಹೊಡೆಯಲು ಹೇಳಿ, ಆ ಶಬ್ದವನ್ನು ಕಣ್ಣುಮುಚ್ಚಿ ಕೇಳಿ, “ಎರಡು ಕೆಲಸ ಮಾಡ್ತಾ ಅವೆ, ಎರಡು ಜಗಳ ಆಡ್ತಾ ಅವೆ ಸ್ವಾಮಿ. ರೋಟರು ಯಾವ ಕಡೆ ತಿರುಗುತ್ತೆ ಅಂತ ನೋಡಿದ್ರಾ?” ಎಂದರು. ನಾನು ನೋಡಿರಲಿಲ್ಲ. ಕ್ರಮ ಸರಿಯಾಗಿಯೇ ಇತ್ತು; ಆದರೆ ನಾನು ಭಾವಿಸಿದ ದಿಕ್ಕಿಗೆ ವಿರುದ್ಧವಾದ ದಿಕ್ಕಿನಲ್ಲಿ, ಡೆಲ್ಕೋದೊಳಗೆ ಕಿಡಿಯನ್ನು ಹಂಚುವ ರೋಟರು ಸುತ್ತುತ್ತಿತ್ತು. ಒಂದು-ಮೂರು-ನಾಲ್ಕು-ಎರಡನ್ನು ತಿರುಗುಮುರುಗಾಗಿ ಸುತ್ತಿಸಿದರೆ ಒಂದನೆಯದೂ ನಾಲ್ಕನೆಯದೂ ತಂತಮ್ಮ ಸ್ಥಾನದಲ್ಲಿಯೇ ಉಳಿದು, ಎರಡು ಮೂರು ಮಾತ್ರ ಅದಲುಬದಲಾಗುತ್ತವೆ ಎಂಬುದನ್ನು ಓದುಗರು ಒಂದು ವೃತ್ತವನ್ನು ಬರೆದು ಪರೀಕ್ಷಿಸಿಕೊಳ್ಳಬಹುದು. ಉಸ್ತಾದರು ಕಾಗದವಿಲ್ಲದೆ, ವೃತ್ತವಿಲ್ಲದೆ, ಬರಿಯ ಕಿವಿಯಿಂದ ಅದನ್ನು ಕಂಡುಹಿಡಿದಿದ್ದರು. ಎರಡು ತಂತಿಗಳನ್ನು ಅದಲಿಬದಲಿ ಮಾಡಿ ಎಂಜಿನ್ನು ಹೊಲಿಗೆಯ ಯಂತ್ರದಂತೆ ನುಡಿಯಲಾರಂಭಿಸಿದಾಗ ಅವರು ನಕ್ಕು, “ನಿಮ್ಮ ಕನ್ನಡ ಎಡದಿಂದ ಬಲಕ್ಕೆ, ನಮ್ಮ ಉರ್ದು ಬಲದಿಂದ ಎಡಕ್ಕೆ. ಅದಕ್ಕೇ ಗಾಡಿ ನನ್ನ ಮಾತು ಕೇಳ್ತು,” ಎಂದರು. ಬುಕ್ಕಿನ ಕಡೆಗೆ ಬೆರಳು ತೋರಿಸಿ ಇನ್ನೊಂದು ಮಾತನ್ನೂ ಸೇರಿಸಿದರು: “ಗಾಡಿಗೆ ಓದೋಕೆ ಬರಲ್ಲ ಸ್ವಾಮಿ.”

ಆ ರಾತ್ರಿ ಪುಸ್ತಕವನ್ನು ಪುನಃ ತೆರೆದು ನೋಡಲಾಗಿ, ರೋಟರಿನ ದಿಕ್ಕನ್ನು ತೋರಿಸುವ ಬಾಣದ ಗುರುತು ಮುಂದಿನ ಪುಟದಲ್ಲಿಯೇ ಇದ್ದಿತು. ಹಿಂದಿನ ಯಾವನೋ ಒಡೆಯನ ಗ್ರೀಸಿನಿಂದ ಆ ಎರಡು ಪುಟಗಳು ಅಂಟಿಕೊಂಡಿದ್ದುವು.

ಉಸ್ತಾದರು ಗೆದ್ದರು, ಪುಸ್ತಕ ಸೋತಿತು ಎಂದು ಈ ಪ್ರಸಂಗವನ್ನು ಅರ್ಥಮಾಡುವವರಿದ್ದಾರೆ. ಉಸ್ತಾದರು ಹಾಗೆಯೇ ಅರ್ಥಮಾಡಿ ಇಡೀ ಗಲ್ಲಿಗೆ ಸಾರಿದ್ದಾರೆ. ನನಗೆ ಕಾಣುವುದು ಬೇರೆ. ಅಂದಿನವರೆಗೆ ನಾನು ಗ್ಯಾರೇಜಿಗೆ ಹೋಗಿ “ಗಾಡಿ ಏಕೋ ಸರಿಯಿಲ್ಲ” ಎನ್ನುತ್ತಿದ್ದೆ. ವೈದ್ಯನೆದುರಿಗೆ ಹೊಟ್ಟೆ ಹಿಡಿದುಕೊಂಡು ಅಳುವ ಮಗುವಿಗೂ ನನಗೂ ವ್ಯತ್ಯಾಸವಿರಲಿಲ್ಲ. ಅಂದಿನಿಂದ ಉಸ್ತಾದರೊಡನೆ ನಾನು ಸಂಭಾಷಿಸಬಲ್ಲವನಾದೆ. ಅವರು ‘ಕಂಡೆನ್ಸರ್ ಹೋಗಿದೆ’ ಎಂದರೆ ಏಕೆ ಹಾಗೆ ಹೇಳುತ್ತಾರೆಂಬುದು ನನಗೆ ತಿಳಿಯುತ್ತದೆ. ಟಾಪೆಟ್ಟಿನ ಶಬ್ದಕ್ಕೂ ಬೇರಿಂಗಿನ ಶಬ್ದಕ್ಕೂ ಇರುವ ಭೇದವನ್ನು ಅವರು ವಿವರಿಸಿದರೆ ನನ್ನ ಕಿವಿ ಅದನ್ನು ಹಿಡಿಯುತ್ತದೆ. ಪುಸ್ತಕವು ಯಜಮಾನನನ್ನು ಮೆಕ್ಯಾನಿಕ್ಕನನ್ನಾಗಿ ಮಾಡುವುದಿಲ್ಲ. ಒಳ್ಳೆಯ ಗಿರಾಕಿಯನ್ನಾಗಿ ಮಾಡುತ್ತದೆ. ತನ್ನ ವಸ್ತುವಿನ ವಿಷಯದಲ್ಲಿ ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ಬಲ್ಲ ಗಿರಾಕಿಯಿಂದ ಪ್ರಾಮಾಣಿಕನಾದ ಕೆಲಸಗಾರನಿಗೆ ಲಾಭವೇ ಹೊರತು ನಷ್ಟವಿಲ್ಲ.

ಪಾಶ್ಚಾತ್ಯರು ಈ ತತ್ತ್ವವನ್ನು ಬಹಳ ಹಿಂದೆಯೇ ಅರಿತರು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಕಾರಿನೊಂದಿಗೆ ಬರುತ್ತಿದ್ದ ಕೈಪಿಡಿಯು ನಮ್ಮ ಹಳೆಯ ಶಾಲಾಪುಸ್ತಕಗಳಂತೆ ಪ್ರಶ್ನೋತ್ತರ ರೂಪದಲ್ಲಿತ್ತು. ಅಂದಿನವರೆಗೆ ಕುದುರೆಯನ್ನು ಮಾತ್ರ ಕಂಡಿದ್ದ ರೈತನು ಕೇಳಬಹುದಾದ ಪ್ರಶ್ನೆಯನ್ನು ತಾನೇ ಕೇಳಿಕೊಂಡು ತಾನೇ ಉತ್ತರಿಸುತ್ತಿತ್ತು. ಅದಕ್ಕಿಂತ ರಮ್ಯವಾದ ಕಥೆ ಜಾನ್ ಹೇನ್ಸ್ ಎಂಬಾತನದು. ಬ್ರಿಟಿಷ್ ವಾಯುಪಡೆಯ ನೌಕರಿಯಲ್ಲಿ ಏಡನ್ನಿನಲ್ಲಿದ್ದಾಗ ಈತನು ಮಿತ್ರನೊಬ್ಬನ ಹಳೆಯ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ಬಿಚ್ಚಿ ಕೂಡಿಸಲು ಹೊರಟು, ಕಂಪನಿಯ ಅಧಿಕೃತ ಪುಸ್ತಕವು ಸಾಮಾನ್ಯ ಮನುಷ್ಯನಿಗೆ ಯಾವ ಉಪಯೋಗಕ್ಕೂ ಬಾರದೆಂಬುದನ್ನು ಕಂಡು, ತಾನು ಬಿಚ್ಚಿದ ಪ್ರತಿಯೊಂದು ಹಂತವನ್ನೂ ಛಾಯಾಚಿತ್ರ ತೆಗೆದು 1966ರಲ್ಲಿ ಪುಸ್ತಕ ಮಾಡಿದನು. ಒಂದು ಕಾರಿನ ಕೈಪಿಡಿಯನ್ನು ಬರೆಯುವ ಮೊದಲು ಆ ಕಾರನ್ನು ನಿಜವಾಗಿ ಪೂರ್ತಿ ಕಳಚಿ ಪೂರ್ತಿ ಜೋಡಿಸತಕ್ಕದ್ದೆಂಬ ನಿಯಮವು ಅಲ್ಲಿಂದ ಮುಂದೆ ಆ ಪ್ರಕಾಶನದ ವ್ರತವಾಯಿತು. ನಮ್ಮ ವಿಮರ್ಶಕರಲ್ಲಿ ಕೆಲವರು ಈ ವ್ರತವನ್ನು ಹಿಡಿದಿದ್ದರೆ ಸಾಹಿತ್ಯಕ್ಕೆ ಉಪಕಾರವಾಗುತ್ತಿತ್ತು. ಅಮೆರಿಕದ ಜಾನ್ ಮ್ಯೂರ್ 1969ರಲ್ಲಿ ಫೋಕ್ಸ್‌ವ್ಯಾಗನ್ ಕಾರಿಗಾಗಿ ಬರೆದ ಪುಸ್ತಕವು, ಎಣ್ಣೆಗೈಯಲ್ಲಿ ಓದುವವನ ಅನುಕೂಲಕ್ಕೆಂದು, ತೆರೆದಿಟ್ಟಲ್ಲಿ ತೆರೆದೇ ಇರುವಂತೆ ಸುರುಳಿಕಂಬಿಯ ಬೈಂಡಿನಲ್ಲಿ ಬಂದಿತು. ಕಾಲವು ಅಲ್ಲಿಯೂ ಬದಲಾಗಿದೆ. ಹೊಸ ಕಾರುಗಳಿಗೆ ಮುದ್ರಿತ ಕೈಪಿಡಿಗಳನ್ನು ಇನ್ನು ಹೊರತರುವುದಿಲ್ಲವೆಂದು ಹೇನ್ಸ್ ಪ್ರಕಾಶನವು 2020ರಲ್ಲಿ ಪ್ರಕಟಿಸಿತು.

ಇಲ್ಲಿ ಪದ್ಮಿನಿಯ ವಂಶಾವಳಿಯನ್ನು ಕುರಿತು ಒಂದು ಮಾತು ಹೇಳಬೇಕು, ಏಕೆಂದರೆ ಮೈಸೂರಿನವರಿಗೆ ಅದರಲ್ಲಿ ಒಂದು ಹಕ್ಕಿದೆ. ದಿವಾನಗಿರಿಯನ್ನು ಬಿಟ್ಟು ಹದಿನೈದು ವರ್ಷಗಳಿಗೂ ಮೇಲಾಗಿ, ಎಪ್ಪತ್ತನ್ನು ದಾಟಿದ್ದ ವಿಶ್ವೇಶ್ವರಯ್ಯನವರು 1930ರ ದಶಕದ ನಡುಭಾಗದಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು; ಮೈಸೂರು ಸಂಸ್ಥಾನದಲ್ಲಿ ಅದನ್ನು ನೆಲೆಗೊಳಿಸುವ ಪ್ರಯತ್ನವೂ ನಡೆಯಿತು; ಬ್ರಿಟಿಷ್ ಸರಕಾರದ ಸಮ್ಮತಿ ದೊರೆಯದೆ ಅದು ನಿಂತುಹೋಯಿತು. ಆ ಉದ್ಯಮದಲ್ಲಿ ಅವರೊಡನಿದ್ದ ವಾಲಚಂದ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸನ್ನು ಸ್ಥಾಪಿಸಿದರು. ಹಾಗಾಗಿ ನನ್ನ ಕಾರು ಬೆಂಗಳೂರಿನಲ್ಲಿ ಹುಟ್ಟಬೇಕಾಗಿದ್ದು ಕುರ್ಲಾದಲ್ಲಿ ಹುಟ್ಟಿತೆಂದು ನಾನು ಹೇಳಿಕೊಳ್ಳುವುದುಂಟು. ಕೇಳುವವರು ಆಗಲೇ ಎದ್ದುಹೋಗಿರುತ್ತಾರೆ.

ಮೈಸೂರಿನಲ್ಲಿಯೇ ಹುಟ್ಟಿದ ಯಂತ್ರವೊಂದಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಮೋಟಾರು ಸೈಕಲ್ಲುಗಳನ್ನೂ ಅನಂತರ ಯೆಜ್ದಿಗಳನ್ನೂ ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಸನ್ನೆಕೋಲೇ ಗೇರಿನ ಸನ್ನೆಕೋಲೂ ಆಗಿದ್ದ ಆ ವಿಚಿತ್ರ ವಾಹನವು ಕಾರ್ಖಾನೆಯ ಅವಸಾನವಾದ ಮೇಲೂ ಈ ಊರಿನ ಬೀದಿಗಳಲ್ಲಿ ಓಡುತ್ತಲೇ ಇದೆ. ತಾಯಿ ಸತ್ತ ಮೇಲೆಯೂ ಈ ಮಕ್ಕಳು ಬದುಕಿದ್ದು ಹೇಗೆ? ಆ ಕಾರ್ಖಾನೆಯಲ್ಲಿ ದುಡಿದವರೂ, ಅವರಿಂದ ಕಲಿತವರೂ, ಅವರಿಂದ ಕಲಿತವರಿಂದ ಕಲಿತವರೂ ಇದೇ ಊರಿನಲ್ಲಿ ಇದ್ದುದರಿಂದ. ಯಂತ್ರದ ಆಯುಷ್ಯವು ಕಬ್ಬಿಣದಲ್ಲಿಲ್ಲ, ಅದನ್ನು ಬಲ್ಲವರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ನಮಗೆ ಬೇಡ. ಆದರೆ ಬಲ್ಲವರಿಗೂ ಆಯುಷ್ಯವುಂಟು. ನಮ್ಮ ಉಸ್ತಾದರ ಮಗನು ಮೊಬೈಲಿನ ಅಂಗಡಿ ಇಟ್ಟಿದ್ದಾನೆ. ಕಿವಿಯಲ್ಲಿ ಮಾತ್ರ ಇರುವ ವಿದ್ಯೆಯು ಕಿವಿಯೊಂದಿಗೇ ಹೋಗುತ್ತದೆ.

ಅದು ಹೋಗದಂತೆ ತಡೆಯಬಲ್ಲ ಪುಸ್ತಕವು ಎಲ್ಲಿದೆ ಎಂದರೆ, ತಯಾರಕರ ಬೀಗದೊಳಗಿದೆ. ಇದು ನನ್ನ ಊಹೆಯಲ್ಲ. ಬಿಡಿಭಾಗಗಳನ್ನೂ, ರಿಪೇರಿಯ ಕೈಪಿಡಿಗಳನ್ನೂ, ದೋಷವನ್ನು ಪತ್ತೆಹಚ್ಚುವ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡುವ ಪದ್ಧತಿಯು ನ್ಯಾಯಸಮ್ಮತವಾದ ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ತೀರ್ಪಿತ್ತು, 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ದಂಡದ ವಿಷಯವು ಮೇಲ್ಮನವಿಗಳ ದೀರ್ಘಮಾರ್ಗವನ್ನು ಹಿಡಿಯಿತು. 2022ರ ಜುಲೈ ತಿಂಗಳಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ರಿಪೇರಿಯ ಹಕ್ಕ’ನ್ನು ಕುರಿತು ಸಮಿತಿಯೊಂದನ್ನು ರಚಿಸಿ, ಬೇಸಾಯದ ಯಂತ್ರಗಳು, ಮೊಬೈಲ್ ಫೋನುಗಳು, ಗೃಹೋಪಯೋಗಿ ಯಂತ್ರಗಳು ಇವುಗಳೊಂದಿಗೆ ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು, ಆ ವರ್ಷದ ಡಿಸೆಂಬರ್ 24ರ ಗ್ರಾಹಕ ದಿನದಂದು ಅದಕ್ಕಾಗಿ ಜಾಲತಾಣವೊಂದನ್ನೂ ತೆರೆಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಜಾಲತಾಣದಲ್ಲಿ ಹೆಸರು ಕಾಣಿಸುವುದು ತಯಾರಕನ ಇಚ್ಛೆಯಾಗಿ ಉಳಿಯುವವರೆಗೆ ಅದು ಹಕ್ಕಲ್ಲ, ಉಪಚಾರ.

ಹೊಸ ಕಾರುಗಳಲ್ಲಿ ಈ ಬೀಗವು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಕಳೆದ ವರ್ಷ ನನ್ನ ಭಾವಮೈದುನನ ಕಾರಿನಲ್ಲಿ ಕಂಡೆ. ಎಂಜಿನ್ನಿನ ಎಚ್ಚರಿಕೆಯ ದೀಪ ಹತ್ತಿ ಆರದಿರಲು, ಅವನು ಹೋದ ಸರ್ವಿಸ್ ಸ್ಟೇಷನ್ನಿನವರು ಇಡೀ ಯೂನಿಟ್ಟನ್ನೇ ಬದಲಾಯಿಸಬೇಕೆಂದು ದೊಡ್ಡ ಮೊತ್ತವನ್ನು ಹೇಳಿದರು. ಅವನು ಅದನ್ನು ನಮ್ಮ ಗಲ್ಲಿಗೆ ತಂದನು. ಉಸ್ತಾದರು ಪಕ್ಕದ ಅಂಗಡಿಯಿಂದ ಸ್ಕ್ಯಾನರ್ ಎರವಲು ತಂದು, ಅದು ತೋರಿಸಿದ ಸಂಖ್ಯೆಯ ಅರ್ಥವನ್ನು ಹೇಳುವ ಪುಸ್ತಕವಿಲ್ಲದೆ, ಇಡೀ ಮಧ್ಯಾಹ್ನ ತಂತಿಗಳ ಜಾಡು ಹಿಡಿದು ಹೋಗಿ, ಕಡೆಗೆ ಇಲಿ ಕಡಿದ ಒಂದು ವೈರನ್ನು ಕಂಡು ಟೇಪು ಸುತ್ತಿದರು. ಪುಸ್ತಕವಿದ್ದಿದ್ದರೆ ಅದು ಕಾಲು ಗಂಟೆಯ ಕೆಲಸ.

ಸರಕಾರದ ಇನ್ನೊಂದು ಕೈ ಮಾಡುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಸ್ವಂತ ಕಾರಿನ ನೋಂದಣಿಗೆ 15 ವರ್ಷ ತುಂಬಿದರೆ ಅದನ್ನು ಪರೀಕ್ಷೆಗೊಡ್ಡಿ ನವೀಕರಿಸಬೇಕು. ಅನಂತರ ಐದೈದು ವರ್ಷಕ್ಕೊಮ್ಮೆ ಅದೇ ವಿಧಿ. 600 ರೂಪಾಯಿಯಿದ್ದ ಆ ಶುಲ್ಕವು 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000ಕ್ಕೆ ಏರಿತು. ಹಳೆಯ ವಾಹನವು ಹೊಗೆಯುಗುಳದೆ, ಬ್ರೇಕು ತಪ್ಪದೆ, ಇತರರಿಗೆ ಅಪಾಯವಾಗದೆ ಇರಬೇಕೆಂಬ ಉದ್ದೇಶಕ್ಕೆ ನನ್ನ ವಿರೋಧವಿಲ್ಲ. ಕಪ್ಪು ಹೊಗೆಯನ್ನು ಬಿಡುತ್ತ ಹೋಗುವ ಗಾಡಿಯ ಹಿಂದೆ ಇರ್ವಿನ್ ರಸ್ತೆಯಲ್ಲಿ ಸಿಕ್ಕಿಕೊಂಡಾಗ ನಾನೂ ಶಪಿಸುತ್ತೇನೆ. ಆದರೆ ಯಜಮಾನನಿಗೆ ‘ನಿನ್ನ ವಾಹನವನ್ನು ಸುಸ್ಥಿತಿಯಲ್ಲಿಟ್ಟುಕೋ’ ಎಂದು ಆಜ್ಞಾಪಿಸುವ ಸರಕಾರವು, ಸುಸ್ಥಿತಿ ಎಂದರೇನು, ಯಾವ ಅಂತರ, ಯಾವ ಬಿಗಿ, ಯಾವ ಒತ್ತಡ ಎಂಬುದನ್ನು ಹೇಳುವ ಏಕೈಕ ಗ್ರಂಥವನ್ನು ಬಚ್ಚಿಟ್ಟುಕೊಂಡವನಿಗೆ ಏನನ್ನೂ ಹೇಳುವುದಿಲ್ಲ. ಪರೀಕ್ಷೆಗೆ ಶುಲ್ಕವುಂಟು, ಪಠ್ಯಪುಸ್ತಕವಿಲ್ಲ.

ಉಪಾಯವು ದೂರದಲ್ಲಿಲ್ಲ. 1954ರ ಕಾಯಿದೆಯೊಂದರ ಪ್ರಕಾರ ಈ ದೇಶದ ಪ್ರತಿಯೊಬ್ಬ ಪ್ರಕಾಶಕನೂ, ಮುನ್ನೂರು ಪ್ರತಿ ಅಚ್ಚುಹಾಕಿಸಿದ ಬಡಕವಿಯ ಪ್ರಕಾಶಕನೂ ಸೇರಿ, ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪುಸ್ತಕದ ಪ್ರತಿಯನ್ನು ಸ್ವಂತ ಖರ್ಚಿನಿಂದ ಒಪ್ಪಿಸಬೇಕು. ಕವನಸಂಕಲನಕ್ಕೆ ಇರುವ ಈ ಕಟ್ಟಳೆಯನ್ನು ಕಾರಿನ ಕೈಪಿಡಿಗೆ ವಿಸ್ತರಿಸಲು ಏನಡ್ಡಿ? ಒಂದು ಮಾದರಿಗೆ ಮಾರಾಟದ ಅನುಮತಿ ಕೊಡುವಾಗಲೇ ಅದರ ಸಂಪೂರ್ಣ ರಿಪೇರಿ ಗ್ರಂಥವನ್ನು ಠೇವಣಿಯಾಗಿ ಪಡೆದು, ತಯಾರಿಕೆ ನಿಂತ ದಿನ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರೆ ತಯಾರಕನು ಕಳೆದುಕೊಳ್ಳುವುದೇನು? ಮಾರುವುದನ್ನೇ ಬಿಟ್ಟ ವಸ್ತುವಿನ ರಹಸ್ಯವನ್ನು ಕಾಯುವುದು ಸತ್ತ ಹಸುವಿನ ಕೆಚ್ಚಲಿಗೆ ಕಾವಲಿದ್ದಂತೆ.

ಇನ್ನು ಕನ್ನಡದ ಮಾತು. ಲಷ್ಕರ್ ಮೊಹಲ್ಲಾದ ಯಾವ ಗ್ಯಾರೇಜಿನಲ್ಲಿಯೂ ಕನ್ನಡದ ರಿಪೇರಿ ಪುಸ್ತಕವೊಂದನ್ನು ನಾನು ಕಂಡಿಲ್ಲ. ಕನ್ನಡಕ್ಕೆ ಇದು ಆಗದ ಕೆಲಸವೆಂದು ಹೇಳುವವರು ಶಿವರಾಮ ಕಾರಂತರು ಒಬ್ಬರೇ ಕುಳಿತು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಬರೆದುದನ್ನು ಮರೆತವರು. ಆದರೆ ಈ ಕೆಲಸವನ್ನು ಪಂಡಿತರ ಸಮಿತಿಗೆ ಒಪ್ಪಿಸಿದರೆ ಏನಾಗುವುದೆಂಬ ಭಯ ನನಗಿದೆ. ತತ್ಸಮಗಳ ಮೇಲೆ ನನಗಿರುವ ಮೋಹವನ್ನು ಈ ಲೇಖನವೇ ಬಯಲುಮಾಡಿದೆ. ಆದರೂ ‘ಅಂತರ್ದಹನ ಯಂತ್ರ’ವೆಂಬ ಪದವು ತರಗತಿಯಲ್ಲಿ ಶೋಭಿಸುವಂತೆ ಕಾರಿನ ಕೆಳಗೆ ಶೋಭಿಸಲಾರದು. ಪ್ಲಗ್ಗನ್ನು ಪ್ಲಗ್ಗೆಂದೇ ಕರೆಯಬೇಕು. ಗ್ಯಾರೇಜಿನವರ ಭಾಷೆ ಒಂದು ಸಿದ್ಧಭಾಷೆ; ಇಂಗ್ಲಿಷಿನ ನಾಮಪದ, ಉರ್ದುವಿನ ಉಪಕರಣ, ಕನ್ನಡದ ಕ್ರಿಯಾಪದ ಈ ಮೂರೂ ಸೇರಿ ಅದು ನಿರ್ಮಿತವಾಗಿದೆ. ‘ಹನ್ನೆರಡು-ಹದಿಮೂರು ಪಾನಾ ಹಾಕಿ ನಟ್ಟು ಸಡಿಲ ಮಾಡಿ, ಪ್ಯಾಕಿಂಗ್ ಹರಿಯದ ಹಾಗೆ ವಾಟರ್ ಬಾಡಿ ಇಳಿಸಿ’ ಎಂಬ ವಾಕ್ಯದಲ್ಲಿ ಯಾವ ಪದವೂ ಹೆಚ್ಚಿಲ್ಲ, ಯಾವುದೂ ಕಡಿಮೆಯಿಲ್ಲ, ಕೇಳಿದವನಿಗೆ ಸಂದೇಹವೂ ಉಳಿಯುವುದಿಲ್ಲ. ವಾಟರ್ ಪಂಪಿಗೆ ‘ವಾಟರ್ ಬಾಡಿ’ ಎಂಬ ಹೆಸರು ಹೇಗೆ ಬಂದಿತೆಂದು ವಿಚಾರಿಸುವುದು ಭಾಷಾಶಾಸ್ತ್ರಜ್ಞರ ಕೆಲಸ. ಕೈಪಿಡಿಯನ್ನು ಬರೆಯುವವನು ಆ ಹೆಸರನ್ನು ನಮ್ರತೆಯಿಂದ ಸ್ವೀಕರಿಸಬೇಕು. ಐ.ಟಿ.ಐ.ಯಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ಕಿನ ಶಿಕ್ಷಣ ಪಡೆದು ಗ್ಯಾರೇಜಿಗೆ ಬರುವ ಹುಡುಗನು ಕನ್ನಡವನ್ನು ಸರಾಗವಾಗಿ ಓದಬಲ್ಲ, ಇಂಗ್ಲಿಷಿನ ಕೈಪಿಡಿಯನ್ನು ತಡವರಿಸಿ ಓದಬಲ್ಲ. ತಡವರಿಸಿ ಓದಿದ ಸೂಚನೆಯಿಂದ ಬೋಲ್ಟು ಮುರಿಯುತ್ತದೆ.

ಸ್ವಂತ ರಿಪೇರಿಯಲ್ಲಿ ಅಪಾಯವಿಲ್ಲವೇ ಎಂದು ಕೇಳುವವರಿಗೆ, ಇದೆ ಎಂದೇ ಉತ್ತರ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ನುಸುಳುವವನು ತನ್ನ ಆಯುಷ್ಯವನ್ನು ಒಂದು ಸ್ಕ್ರೂವಿನ ಮೇಲೆ ನಿಲ್ಲಿಸಿದವನು. ಬ್ರೇಕಿನ ಎಣ್ಣೆಯ ಕೊಳವೆಯಲ್ಲಿ ಗಾಳಿ ಉಳಿಸಿದವನು ತನ್ನದಲ್ಲದೆ ಇತರರ ಆಯುಷ್ಯವನ್ನೂ ಪಣಕ್ಕಿಟ್ಟವನು. ನನ್ನ ಕೈಪಿಡಿಯಲ್ಲಿ ನಾನು ಅತ್ಯಂತ ಗೌರವಿಸುವ ಭಾಗವು, ಇಲ್ಲಿಂದ ಮುಂದಿನ ಕೆಲಸವನ್ನು ವರ್ಕ್‌ಶಾಪಿಗೆ ಬಿಡಿ ಎಂದು ಅದು ಹೇಳುವ ಸ್ಥಳಗಳು. ಅಪಾಯವಿರುವುದು ಪುಸ್ತಕವಿದ್ದವನ ಕೈಯಲ್ಲಿ ಅಷ್ಟಾಗಿ ಅಲ್ಲ. ಎಲ್ಲಿ ನಿಲ್ಲಬೇಕೆಂದು ಹೇಳುವವರಿಲ್ಲದೆ ಮೊಬೈಲಿನ ವಿಡಿಯೋವೊಂದನ್ನು ಅರ್ಧ ನೋಡಿ ಪಾನಾ ಎತ್ತಿಕೊಂಡವನ ಕೈಯಲ್ಲಿ.

ಕಾನೂನು ಬರುವವರೆಗೆ ಕೈಕಟ್ಟಿ ಕುಳಿತಿರುವುದು ಬೇಡವೆಂದು, ಕೆಲವು ತಿಂಗಳುಗಳಿಂದ ನಾನೂ ಉಸ್ತಾದರೂ ಒಂದು ಪ್ರಯೋಗಕ್ಕೆ ಕೈಹಾಕಿದ್ದೇವೆ. ಭಾನುವಾರ ಸಂಜೆ ಗ್ಯಾರೇಜಿನ ಬಾಗಿಲು ಅರ್ಧ ಎಳೆದ ಮೇಲೆ ಅವರು ಹೇಳುತ್ತಾರೆ, ನಾನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಅಳತೆಗಳನ್ನು ಮಾತ್ರ ಹಳೆಯ ಪುಸ್ತಕದಿಂದ ತೆಗೆದುಕೊಳ್ಳುತ್ತೇವೆ. ಮೊದಲ ಪುಟದಲ್ಲಿ ಡೆಲ್ಕೋದ ಚಿತ್ರವಿದೆ. ಅದರ ಸುತ್ತ ಬಾಣದ ಗುರುತನ್ನು ಉಸ್ತಾದರು ಕೆಂಪು ಶಾಯಿಯಲ್ಲಿ, ಅಗತ್ಯಕ್ಕಿಂತ ದಪ್ಪವಾಗಿ, ತಾವೇ ಎಳೆದಿದ್ದಾರೆ. ಟ್ಯೂನಿಂಗು ಮುಗಿಯಿತು, ಕಾರ್ಬೊರೇಟರು ಮುಗಿಯಿತು, ಗ್ರೀಸು ತುಂಬುವ ಜಾಗಗಳ ಪಟ್ಟಿ ಮುಗಿಯಿತು, ಕ್ಲಚ್ಚಿನಲ್ಲಿ ಅರ್ಧಕ್ಕೆ ಬಂದಿದ್ದೇವೆ. ಬ್ರೇಕಿನ ಅಧ್ಯಾಯಕ್ಕೆಂದು ಬಿಟ್ಟಿರುವ ಎಂಟು ಹಾಳೆಗಳು ಇನ್ನೂ ಖಾಲಿಯಾಗಿವೆ. ಅದನ್ನು ಯಾವಾಗ ಹೇಳುತ್ತೀರೆಂದು ಕೇಳಿದಾಗಲೆಲ್ಲ ಉಸ್ತಾದರು ಚಹಾದ ಲೋಟವನ್ನು ಕೆಳಗಿಟ್ಟು, “ಅದನ್ನ ಬರ್ಕೊಳ್ಳೋದು ಬೇಡ ಸ್ವಾಮಿ, ಗಾಡಿ ತಗೊಂಡು ಬನ್ನಿ,” ಎನ್ನುತ್ತಾರೆ.